ಕಡೆಯ ಗಡಿಗೆ

“ಕಡೀ ಗಡಿಗ್ಯಾಗ ಏನಿತ್ತು? ಮೊದಲ ಅದನ್ನ ಹೇಳ್ರಿ ನನಗ,” ಎಂದು ಸುಶೀಲೇಂದ್ರ ಮಾಸ್ತರು ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಮೇಜಿನ ಮೇಲೆ ಹಾಕಿದರು.

ಮೃಣಾಲ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಗೋಳಗುಮ್ಮಟದ ಹಿಂದಿನ ಓಣಿಯ ಆ ಸಣ್ಣ ಪ್ರೆಸ್ಸಿನಲ್ಲಿ ಮಷೀನಿನ ಸಪ್ಪಳದ ಮೇಲೆ ದನಿ ಏರಿಸಿ ಮಾತಾಡಬೇಕಾಗಿತ್ತು. ಅವಳಿಗೆ ದನಿ ಏರಿಸುವ ರೂಢಿಯೇ ಇಲ್ಲ. ತಿಕೋಟಾದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ವಿಜಯಪುರ, ತಿಕೋಟಾ, ಬಬಲೇಶ್ವರ ಕಡೆಯ ಸಾಲಿಗಳ ಮಕ್ಕಳು ಬರೆದ ಕತೆಗಳನ್ನು ಕೂಡಿಸಿ ಒಂದು ಪುಸ್ತಕ ಮಾಡುವ ಕೆಲಸ ಅವಳ ಹೆಗಲಿಗೆ ಬಿದ್ದದ್ದು ಮಳೆಗಾಲದಲ್ಲಿ. ಈಗ ಚಳಿ ಕಳೆದು ಬಿಸಿಲು ಮೂಡುತ್ತಿತ್ತು. ರಜೆ ಹಾಕಿ, ಬಸ್ಸು ಹತ್ತಿ ಇಳಿದು, ಊರೂರು ತಿರುಗಿ, ಹೆದರಿ ಬೆಂಚಿನ ಕೆಳಗೆ ಹಾಳೆ ಬಚ್ಚಿಡುವ ಮಕ್ಕಳನ್ನು ಮಾತಾಡಿಸಿ ತಂದ ಕತೆಗಳು. ಅವನ್ನೆಲ್ಲ ನೋಡಿ ಒಪ್ಪುವ ಹಿರಿತನ ಸುಶೀಲೇಂದ್ರ ಮಾಸ್ತರದು. ಹೆಡ್‌ಮಾಸ್ತರಾಗಿ ರಿಟೈರಾದರೂ ಅವರ ಕೆಂಪು ಪೆನ್ನು ಇನ್ನೂ ರಿಟೈರಾಗಿರಲಿಲ್ಲ.

ತಕರಾರು ಎದ್ದದ್ದು ನಿಡೋಣಿಯ ಎಂಟನೇ ಇಯತ್ತೆಯ ಅಂಜುಮ ಬರೆದ ಕತೆಗೆ. ಒಬ್ಬ ಕುಂಬಾರ ಹೆಂಗಸು. ಅವಳ ಗಡಿಗೆಗಳನ್ನು ಯಾರೂ ಕೊಳ್ಳುವುದಿಲ್ಲ. ಆಕೆ ಗುಡ್ಡ ಹತ್ತಿ ಗಡಿಗೆಗಳಲ್ಲಿ ಗಾಳಿ ತುಂಬಿಕೊಂಡು, ಬಾಯಿಗೆ ಅರಿವೆ ಕಟ್ಟಿ, ಬುಟ್ಟಿಯಲ್ಲಿಟ್ಟು ಹೊತ್ತು ಮಾರಲು ಹೊರಡುತ್ತಾಳೆ. ಒಲೆ ಹತ್ತದ ಮನೆಯಲ್ಲಿ ಒಂದು ಬಿಚ್ಚುತ್ತಾಳೆ. ತೊಟ್ಟಿಲು ತೂಗುವವರಿಲ್ಲದ ಮನೆಯಲ್ಲಿ ಒಂದು. ಹೀಗೆ ಊರೂರು ದಾಟಿ ಬುಟ್ಟಿಯಲ್ಲಿ ಒಂದೇ ಗಡಿಗೆ ಉಳಿಯುತ್ತದೆ. ಅಲ್ಲಿಗೆ ಬಂದು ಹುಡುಗಿ ಬರೆದಿದ್ದಳು: ‘ನಮ್ಮ ದಾದಿ, ಅಂದರೆ ಅಜ್ಜಿ, ಕತೆ ಹೇಳುತ್ತ ಇಲ್ಲಿಗೆ ಬಂದಾಗ ನನಗೆ ನಿದ್ದೆ ಹತ್ತುತ್ತದೆ. ಮುಂದಿನದು ನನಗೆ ಗೊತ್ತಿಲ್ಲ.’

“ನನಗೂ ಒಂಚೂರು ಹೇಳ್ರಿ ಅಕ್ಕೋರ,” ಎಂದು ಒಳಗಿನಿಂದ ಪ್ರೆಸ್ಸಿನ ಹುಸೇನಸಾಬ ಕೂಗಿದ. “ನಿನ್ನಿ ಟೈಪ್ ಮಾಡೂಮುಂದ ಮುಂದಿನ ಹಾಳಿ ಎಲ್ಲಿ ಬಿತ್ತಪಾ ಅಂತ ಟೇಬಲ್ ಬುಡಕೆಲ್ಲಾ ಹುಡುಕೇನಿ.”

“ಕೇಳಿದ್ರಿಲ್ಲೋ?” ಎಂದರು ಮಾಸ್ತರು. “ಅರ್ಧಾ ಕತಿ ಪುಸ್ತಕದಾಗ ಹಾಕಿದ್ರ ಮಂದಿ ನಮಗ ನಗ್ತಾರ. ನಾನ ನಾಕು ಸಾಲು ಬರದೀನಿ, ನೋಡ್ರಿ. ಕಡೀ ಗಡಿಗ್ಯಾಗ ಜ್ಞಾನ ಇತ್ತು. ಅದನ್ನ ಆಕಿ ಊರ ಮಕ್ಕಳಿಗೆಲ್ಲಾ ಹಂಚಿದಳು. ಹೆಂಗ?”

“ಹುಡುಗಿನ್ನ ಒಂದ ಮಾತು ಕೇಳಬೇಕ್ರಿ ಸರ್. ಕತಿ ಆಕೀದು.”

“ಕೇಳ್ರಿ. ಆದ್ರ ನಾಳೆ ಮುಂಜಾನೆ ಹುಸೇನಸಾಬ ಮಷೀನಿಗೆ ಏರಸ್ತಾನ. ಅಷ್ಟರಾಗ ಕೊನಿ ಸಿಗಬೇಕು, ಇಲ್ಲಾ ಈ ನಾಕು ಸಾಲು ಹಾಕಬೇಕು. ಎರಡೂ ಬ್ಯಾಡಂದ್ರ ಆ ಕತಿ ಬಿಟ್ಟುಬಿಡೂಣು. ನನಗೇನು ಆ ಕೂಸಿನ ಮ್ಯಾಲ ಸಿಟ್ಟದ ಏನ್ರಿ?”

ಸಿಟ್ಟಿಲ್ಲವೆಂಬುದು ಮೃಣಾಲಳಿಗೂ ಗೊತ್ತು. ಆದರೆ ಆ ಹುಡುಗಿ ಕತೆ ಕೊಟ್ಟ ದಿನ ಅವಳ ಕಣ್ಣ ಮುಂದೆ ಬಂತು. ಕ್ಲಾಸಿನಲ್ಲಿ ಹಾಜರಿ ಕೂಗಿದರೂ ಕೈ ಎತ್ತುವಳೇ ಹೊರತು ಬಾಯಿ ಬಿಡದ ಹುಡುಗಿ ಅದು. ಬಸ್ಸಿನ ತನಕ ಹಿಂದೆ ಹಿಂದೆಯೇ ಬಂದು, ಮೃಣಾಲ ಹತ್ತಿ ಕೂತ ಮೇಲೆ ಕಿಟಕಿಯ ಕೆಳಗೆ ನಿಂತು, “ಖರೇನ ಪುಸ್ತಕದಾಗ ಬರತೈತೇನ್ರಿ ಟೀಚರ್?” ಎಂದು ಕೇಳಿದ್ದಳು. ಅಷ್ಟೇ ಅವಳು ಆಡಿದ ಮಾತು. ಮೃಣಾಲ ಬರತದ ಅಂದಿದ್ದಳು. ಮಕ್ಕಳಿಗೆ ಕೊಟ್ಟ ಮಾತು ದೊಡ್ಡವರಿಗೆ ಕೊಟ್ಟ ಮಾತಿನಂತಲ್ಲ, ಹಿಂದಕ್ಕೆ ತೆಗೆದುಕೊಳ್ಳಲಿಕ್ಕೆ ಬರುವುದಿಲ್ಲ.

ಬಬಲೇಶ್ವರದಲ್ಲಿ ಬಸ್ಸು ಬದಲಿಸಿ ಅವಳು ನಿಡೋಣಿಗೆ ಬಂದಾಗ ಹೊತ್ತು ನೆತ್ತಿ ದಾಟಿತ್ತು. ಅಂಜುಮಳ ದಾದಿ ದಾವಲಬಿ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರ ಮೇಲೆದ್ದು ಇಳಿಯುವ ಲಯ ತಪ್ಪಿಸದೆಯೇ ಮುದುಕಿ ಬಂದವಳ ಮುಖ ನೋಡಿದಳು.

“ಬರ್ರಿ ಅಕ್ಕೋರ, ಮ್ಯಾಲ ಕುಂದರ್ರಿ. ಅಂಜೂ, ಚಾ ಇಡ ಬೇ. ಏನ್ ತಪ್ಪ ಮಾಡ್ಯಾಳ್ರಿ ನಮ್ಮ ಹುಡುಗಿ?”

“ತಪ್ಪೇನಿಲ್ಲ ಅಜ್ಜಿ. ಕತಿದೊಂದು ಮಾತಿತ್ತು.”

“ಮತ್ತ ತಪ್ಪ ಇಲ್ಲದ ಮಾಸ್ತರ ಮಂದಿ ಮನೀ ಮಟಾ ಬರತಾರೇನ್ರಿ? ನನ್ನ ಮಗ ಸಾದಿಕ ಸಾಲ್ಯಾಗ ಇದ್ದಾಗ ವಾರಕ್ಕೊಮ್ಮಿ ಬರತಿದ್ರು,” ಎಂದು ದಾವಲಬಿ ನಕ್ಕಳು.

ಅಂಜುಮ ಚಹಾ ತಂದಿಟ್ಟು ಕಂಬಕ್ಕೆ ಆತು ನಿಂತಳು. ಮೃಣಾಲ ಮಾಸ್ತರ ನಾಲ್ಕು ಸಾಲುಗಳನ್ನು ಅವಳ ಕೈಗೆ ಕೊಟ್ಟು, ಅವಸರ ಮಾಡದೆ, ಇದ್ದ ಸಂಗತಿ ಇದ್ದ ಹಾಗೆ ಹೇಳಿದಳು. ಹುಡುಗಿ ಓದಿದಳು. ಮತ್ತೊಮ್ಮೆ ಓದಿದಳು. ಹಾಳೆಯನ್ನು ಮಡಚಿ, ಮಡಚಿದ ಗೆರೆಯನ್ನು ಉಗುರಿನಿಂದ ತೀಡಿ, ತಿರುಗಿ ಕೊಟ್ಟಳು.

“ಚೊಲೋ ಐತ್ರಿ,” ಎಂದಳು. “ಆದ್ರ ಇದು ನಮ್ಮ ದಾದಿ ಕತಿ ಅಲ್ರಿ.”

“ಇದನ್ನ ಹಾಕಿದ್ರ ಪುಸ್ತಕದಾಗ ನಿನ್ನ ಹೆಸರು ಬರತದ. ಇಲ್ಲಾಂದ್ರ…”

“ಇಲ್ಲಾಂದ್ರ ಬ್ಯಾಡ್ರಿ.” ಅಂದವಳೇ ಖಾಲಿಯಾಗದ ಚಹಾದ ಕಪ್ಪನ್ನೇ ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು.

ಮೊರ ನಿಂತಿತು. ದಾವಲಬಿ ಒಳಬಾಗಿಲ ಕಡೆ ನೋಡಿದಳು, ಆಮೇಲೆ ಮೃಣಾಲಳ ಕಡೆ.

“ಅಜ್ಜಿ, ಕೊನಿ ನೀವ ಹೇಳಿಬಿಡ್ರಿ. ನಾ ಬರಕೊಂಡು ಹೋಗ್ತೀನಿ. ಹುಡುಗಿಗೂ ಸಮಾಧಾನ, ನಮಗೂ ಸಮಾಧಾನ.”

“ಈಗೇನ್ರಿ?” ಮುದುಕಿ ತಲೆಯೆತ್ತಿ ಬಿಸಿಲನ್ನು ನೋಡಿದಳು. “ಹಗಲೊತ್ತಿನ್ಯಾಗ ಕತಿ ಹೇಳಿದ್ರ ದಾರಿ ನಡಿಯೋರು ದಾರಿ ತಪ್ಪತಾರ್ರಿ. ನನ್ನ ಮಗ ಈಗ ಒಂದ ತಾಸಿನ ಹಿಂದ ಲಾರಿ ತುಂಬ ಒಣದ್ರಾಕ್ಷಿ ಹೇರಕೊಂಡು ತಾಸಗಾಂವಕ್ಕ ಹೋಗ್ಯಾನ. ನಾ ಹೆಂಗ ಬಾಯಿ ತೆರೀಲಿ?”

“ಫೋನಿನ್ಯಾಗ ಮ್ಯಾಪ್ ಇರತದಲ್ಲ ಅಜ್ಜಿ, ಅದ ದಾರಿ ತೋರಸ್ತದ.”

“ಆ ಸುಡುಗಾಡ ಮ್ಯಾಪ ಹ್ವಾದ ತಿಂಗಳ ನನ್ನ ಮಗನ್ನ ಒಯ್ದು ಯಾರದೋ ಕಬ್ಬಿನ ಹೊಲದಾಗ ನಿಂದರಿಸಿತ್ತು. ಅವತ್ತ ಮನ್ಯಾಗ ಯಾರೂ ಕತಿನೂ ಹೇಳಿರಲಿಲ್ಲ, ಆದ್ರೂ ಹಂಗಾತು. ಇನ್ನ ಹೇಳಿದ್ರ ಏನ್ ಗತಿ? ಹೊತ್ತು ಮುಳುಗ್ಲಿ. ಅವ ಮುಟ್ಟಿದ್ನಿ ಅಂತ ಫೋನ್ ಹಚ್ಚಲಿ. ಆಮ್ಯಾಲ ಹೇಳತೇನಿ.”

ವಾದ ಮಾಡುವ ಮನಸ್ಸು ಮೃಣಾಲಳಿಗೆ ಬರಲಿಲ್ಲ. ಮಗ ದಾರಿಯಲ್ಲಿರುವ ತಾಯಿಯ ಹತ್ತಿರ ಏನು ವಾದ? ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳೂ ಜೋಳದ ರಾಶಿಯ ಬದಿಗೆ ಕೂತಳು, ಹರಳು ಆರಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಅಂಜುಮ ಒಳಗಿನಿಂದ ಬಂದು ಎದುರು ಕೂತಳು. ಕಣ್ಣು ಕೆಂಪಗಿದ್ದವು. ದಾದಿ ಒಂದು ಬೊಗಸೆ ಜೋಳವನ್ನು ಅವಳ ಮುಂದಕ್ಕೆ ಸರಿಸಿದಳು.

ನಡುವೆ ಮಾಸ್ತರ ಫೋನು ಬಂತು.

“ಕೊನಿ ಸಿಕ್ತೇನ್ರಿ?”

“ಹೊತ್ತು ಮುಳುಗಬೇಕ್ರಿ ಸರ್.”

“ಯಾಕ?”

“ಇಲ್ಲಾಂದ್ರ ತಾಸಗಾಂವಕ್ಕ ಹೋದ ಲಾರಿ ದಾರಿ ತಪ್ಪತದಂತ್ರಿ.”

“ಮೃಣಾಲ, ಬಿಸಲಾಗ ಭಾಳ ಅಡ್ಡಾಡಬ್ಯಾಡ್ರಿ,” ಎಂದು ಮಾಸ್ತರು ಕಾಳಜಿಯಿಂದ ಹೇಳಿ ಫೋನು ಇಟ್ಟರು. ಅಂಜುಮ ದಾವಣಿಯ ತುದಿಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ಮೃಣಾಲ ನೋಡಿದ್ದು ಅದೇ ಮೊದಲು.

ಹೊತ್ತು ಮುಳುಗಿ, ಮಸೂತಿಯಲ್ಲಿ ಮಗ್ರಿಬ್ ಅಜಾನ್ ಮುಗಿದು, ಮುದುಕಿ ನಮಾಜು ಮಾಡಿ ಎದ್ದು, ದೀಪ ಹಾಕುವ ಹೊತ್ತಿಗೆ ಸಾದಿಕನ ಫೋನು ಬಂತು. ಮುಟ್ಟಿದ್ದನಂತೆ, ಮಾಲು ಇಳಿಸುತ್ತಿದ್ದನಂತೆ. ದಾವಲಬಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಬಂದು ಗೋಡೆಗೆ ಬೆನ್ನು ಕೊಟ್ಟು ಕೂತಳು.

“ಹೂಂ ಅನಬೇಕ್ರಿ ಅಕ್ಕೋರ. ನೀವು ಬಾಯಿ ಮುಚಗೊಂಡು ಕುಂತ್ರ ನಾ ಯಾರಿಗಿ ಹೇಳ್ಲಿ, ಈ ಗ್ವಾಡಿಗ್ಯಾ?”

ಮೃಣಾಲ ಹೂಂ ಅಂದಳು. ಕತೆ ನಡೆಯಿತು. ಹಾಳೆಯಲ್ಲಿದ್ದದ್ದು ಅದರ ಎಲುಬು ಮಾತ್ರ ಎಂದು ಈಗ ತಿಳಿಯಿತು. ಗುಡ್ಡದ ಮೇಲೆ ಗಾಳಿ ಹಿಡಿಯುವಾಗ ಆ ಕುಂಬಾರಿತಿ ಉಸಿರು ಬಿಗಿಹಿಡಿದರೆ ದಾವಲಬಿಯೂ ಹಿಡಿದಳು. ತೊಟ್ಟಿಲ ಮನೆಯಲ್ಲಿ ಗಡಿಗೆ ಬಿಚ್ಚಿದಾಗ ಅವಳ ಅಂಗೈ ಕೂಸಿನ ಬೆನ್ನು ತಟ್ಟುವಂತೆ ತೊಡೆಯ ಮೇಲೆ ಆಡಿತು. ಬುಟ್ಟಿ ಹಗುರಾಗುತ್ತ ಹೋಗಿ ಒಂದೇ ಗಡಿಗೆ ಉಳಿಯಿತು. ಒಂದು ದೊಡ್ಡ ಬಯಲು. ಆಕೆ ಬುಟ್ಟಿ ಇಳಿಸಿದಳು. ಅರಿವೆಯ ಗಂಟಿಗೆ ಕೈ ಹಚ್ಚಿದಳು.

ಮುದುಕಿ ಸುಮ್ಮನಾದಳು.

“ಹೂಂ,” ಎಂದಳು ಮೃಣಾಲ. “ಮುಂದ?”

“ಮುಂದ ಎದ್ದು ತೂರಾಕ ಹೋಗೂದ್ರಿ.”

“ಯಾರು?”

“ಎಲ್ಲಾರೂ. ಈ ಕತಿ ನನಗ ಕೊಟ್ಟಾಕಿ ಗಂಗಾಬಾಯಿ ಅಂತ, ಕಾಖಂಡಕಿಯಾಕಿ. ಜ್ವಾಳದ ರಾಶಿ ಮಾಡಾಕ ಕೂಡೇ ಹೋಗತಿದ್ವಿ. ಆಗ ಮಷೀನ್ ಎಲ್ಲಿದ್ದೂವು? ತೆನಿ ತುಳಿಸಿ ಆಗಿರತಿತ್ತು, ಗಾಳಿ ಇರತಿರಲಿಲ್ಲ. ಗಾಳಿ ಇಲ್ಲದ ತೂರಿದ್ರ ಹೊಟ್ಟು ಕಾಳಿನ ಮ್ಯಾಲ ಬೀಳತೈತಿ. ಹೊತ್ತು ಮುಳುಗಿದ ಮ್ಯಾಲ ಕಣದಾಗ ಕುಂತು ಕಾಯೂದು. ಆಗ ಆಕಿ ಇದನ್ನ ಸುರು ಮಾಡತಿದ್ಲು. ಗಾಳಿ ಬಂತು ಅಂದ ಕೂಡ್ಲೆ ಬುಟ್ಟಿ ಹಿಡಕೊಂಡು ಏಳೂದು. ಕತಿ ಎಲ್ಲಿತ್ತೋ ಅಲ್ಲೇ ಬಿಡತಿತ್ತು. ಒಂದೊಂದ ದಿನ ಗಾಳಿ ಮೊದಲನೇ ಗಡಿಗಿಗೇ ಬರತಿತ್ತು, ಒಂದೊಂದ ದಿನ ಕಡೀ ಗಡಿಗಿ ಮಟಾ ಕಾಡಸತಿತ್ತು. ಕಡೀದನ್ನ ಬಿಚ್ಚಿದ್ದು ನಾವ್ಯಾರೂ ಕೇಳಿಲ್ಲ.”

“ಗಂಗಾಬಾಯಿನ್ನ ಕೇಳಲಿಲ್ಲೇನ್ರಿ ನೀವು?”

“ಕೇಳದ ಬಿಡತೇನೇನ್ರಿ? ಗಾಳಿ ಬರದಿದ್ದ ದಿನ ಹೇಳತೇನಿ ಅಂದ್ಲು.” ದಾವಲಬಿಯ ಮುಖದ ಸುಕ್ಕೆಲ್ಲ ನಕ್ಕವು. “ದಿನಾ ಬಂತ್ರಿ ಹಾಳಾದ್ದು! ಆಕಿ ಹ್ವಾದ್ಲು, ಕಣಾನೂ ಹ್ವಾದೂವು. ಈಕಿ ಹುಟ್ಟಿದ ಮ್ಯಾಲ ಮತ್ತ ನೆಪ್ಪಾತು. ಈಕಿಗಿ ಗಾಳಿ ಬದಲಿ ನಿದ್ದಿ ಬರತೈತಿ, ಅಷ್ಟ.”

ಅಂಜುಮ ಬಾಯಿ ತೆರೆದು ದಾದಿಯನ್ನೇ ನೋಡುತ್ತಿದ್ದಳು. “ಮತ್ತ ನಾ ಬರದದ್ದು ಪೂರಾನ ಐತೇನು?” ಎಂದಳು.

ಮುದುಕಿ ಮೊಮ್ಮಗಳ ಕೂದಲಿಗೆ ಹತ್ತಿದ್ದ ಜೋಳದ ಹೊಟ್ಟನ್ನು ತೆಗೆದು ಊದಿದಳು.

ಮೂವರೂ ಬಸ್‌ಸ್ಟ್ಯಾಂಡಿಗೆ ಬಂದರು. ಬಸ್ಸು ಇನ್ನೂ ಬಂದಿರಲಿಲ್ಲ. ಮೃಣಾಲಳಿಗೆ ಕತೆ ತಿಳಿದಿತ್ತು, ಆದರೆ ಮಾಸ್ತರಿಗೆ ತಿಳಿಸುವುದು ಹೇಗೆಂದು ತಿಳಿದಿರಲಿಲ್ಲ. ಅದಕ್ಕೆ ಕೊನೆ ಇಲ್ಲ ಅಂದರೆ, ಬಿಟ್ಟುಬಿಡೋಣ ಅಂದಾರು. ಅಷ್ಟರಲ್ಲಿ ಅವರದೇ ಫೋನು ಬಂತು.

“ಹೊತ್ತು ಮುಳುಗೇದ. ಲಾರಿ ಮುಟ್ಟೇತಿಲ್ಲೋ? ಹೇಳ್ರಿ, ನಾ ಪೆನ್ನು ಹಿಡಕೊಂಡು ಕುಂತೀನಿ.”

ಮೃಣಾಲ ಫೋನನ್ನು ಅಂಜುಮಳ ಕಡೆ ಚಾಚಿದಳು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. “ನಾ ಒಲ್ಲೆರಿ ಟೀಚರ್, ದೊಡ್ಡ ಸರ್ ಅದಾರ…” ದಾದಿ ಅವಳ ಬೆನ್ನಿಗೆ ಕೈ ಇಟ್ಟು ಮುಂದೆ ನೂಕಿದಳು. “ಹೇಳ ಬೇ. ಅಂವ ಏನ್ ಫೋನಿನ್ಯಾಗಿಂದ ಕೈ ಹಾಕಿ ಹೊಡಿತಾನೇನು?”

ಅಂಜುಮ ಎರಡೂ ಕೈಯಲ್ಲಿ ಫೋನು ಹಿಡಿದಳು. ಆಮೇಲೆ, “ಸರ್, ಹೂಂ ಅನಬೇಕ್ರಿ,” ಎಂದಳು.

“ಏನಂದಿ?”

“ಹೂಂ ಅನಬೇಕ್ರಿ. ಇಲ್ಲಾಂದ್ರ ಹೇಳಾಕ ಬರೂದಿಲ್ಲ.”

“…ಹೂಂ,” ಎಂದಿತು ಫೋನು.

ದನಿ ಮೊದಲು ಹುಲ್ಲುಕಡ್ಡಿಯಂತೆ ನಡುಗುತ್ತಿತ್ತು. ಒಲೆಯ ಮನೆ ದಾಟುವ ಹೊತ್ತಿಗೆ ನೆಟ್ಟಗಾಯಿತು. ತೊಟ್ಟಿಲ ಮನೆಗೆ ಬರುವಾಗ ಅವಳು ಬಸ್‌ಸ್ಟ್ಯಾಂಡನ್ನೂ ಟೀಚರನ್ನೂ ಮರೆತಿದ್ದಳು. ಫೋನಿನೊಳಗಿನ ಹೂಂ ಮೊದಮೊದಲು ತಡಬಡಿಸಿ, ಆಮೇಲೆ ತಾನಾಗಿ ಬರತೊಡಗಿತು. ಬಯಲು ಬಂತು. ಬುಟ್ಟಿ ಇಳಿಯಿತು. ಅರಿವೆಯ ಗಂಟಿಗೆ ಕೈ ಹಚ್ಚಿದಾಗ ತಿರುವಿನಲ್ಲಿ ಬಸ್ಸಿನ ಬೆಳಕು ಬಿತ್ತು.

“ಬಸ್ ಬಂತ್ರಿ ಸರ್,” ಎಂದು ಅಂಜುಮ ಫೋನನ್ನು ಟೀಚರ ಕೈಗೆ ಕೊಟ್ಟುಬಿಟ್ಟಳು.

ಮೃಣಾಲ ಅವಸರದಲ್ಲಿ ಹತ್ತಿದಳು. ಕಂಡಕ್ಟರ್ ಯಾರದೋ ಚೀಲ ಏರಿಸಿಕೊಳ್ಳುತ್ತಿದ್ದ. ಕಿವಿಗೆ ಹಚ್ಚಿದರೆ ಮಾಸ್ತರ ದನಿ ಕೂಗುತ್ತಿತ್ತು. “ಏ ಹುಡುಗೀ, ಹಲೋ! ಬಿಚ್ಚಿದಳೋ ಇಲ್ಲೋ? ಏನಿತ್ತು ಒಳಗ?”

“ನಾ ಬಸ್ಸಿನ್ಯಾಗ ಅದೀನ್ರಿ ಸರ್. ಕತಿ ಅಷ್ಟಽ ಅದ. ಕಣದಾಗ ಗಾಳಿ ಬರೂತನಾ ಹೇಳೂ ಕತಿ ಅಂತ್ರಿ ಅದು.”

ಆ ಕಡೆ ಪ್ರೆಸ್ಸು ಮುಚ್ಚಿರಬೇಕು, ಮಷೀನಿನ ಸಪ್ಪಳ ಇರಲಿಲ್ಲ. ಕುರ್ಚಿ ಕಿರ್ ಅಂದದ್ದು ಕೇಳಿಸಿತು.

“ಮೃಣಾಲ.”

“ಹೇಳ್ರಿ ಸರ್.”

“ನಾ ಬರದ ಹಾಳಿ ನಿಮ್ಮ ಕಡೇನ ಇರ್ಲಿ. ತಿರುಗಿ ತರಬ್ಯಾಡ್ರಿ.” ಸ್ವಲ್ಪ ತಡೆದು, “ಹುಸೇನಸಾಬಗ ಆ ಕೂಸು ಬರದಷ್ಟೇ ಹಾಕು ಅಂತ ಹೇಳ್ತೀನಿ. ಈಗ ಕತ್ತಲಾಗೇದ, ಮನಿಗೆ ಯಾರ ಜೋಡಿ ಹೋಗ್ತಾಳ ಆಕಿ?”

“ದಾದಿ ಬಂದಾರ್ರಿ ಜೋಡಿ.”

ಬಸ್ಸು ಹಿಂದೆ ಸರಿದು ತಿರುಗಿತು. ಊರಿನ ಹಾದಿಯಲ್ಲಿ ಅಜ್ಜಿ ಮೊಮ್ಮಗಳು ಆಗಲೇ ಹೊರಟಿದ್ದರು. ಬೆಳಕು ಅವರ ಬೆನ್ನ ಮೇಲೆ ಹರಿದುಹೋಯಿತು. ಹುಡುಗಿ ಮುಂದಿದ್ದಳು. ಹಿಂದಕ್ಕೆ ತಿರುಗಿ ತಿರುಗಿ ಏನೋ ಹೇಳುತ್ತಿದ್ದಳು, ಎರಡೂ ಕೈ ಗಾಳಿಯಲ್ಲಿ ಆಡುತ್ತಿದ್ದವು. ಒಂದು ಹೆಜ್ಜೆ ಹಿಂದೆ, ಸೆರಗು ಹೊದ್ದ ಮುದುಕಿಯ ತಲೆ ತಡೆತಡೆದು, ಹೂಂ ಅನ್ನುವಂತೆ, ಮೆಲ್ಲಗೆ ಅಲ್ಲಾಡುತ್ತಿತ್ತು.