ಅಣ್ಣನ ಕಾರ್ಡು, ಅತ್ತಿಗೆಯ ಪುಸ್ತಕ

ಔಷಧಿ ಅಂಗಡಿಯ ಮೇಲಿನ ಕಪಾಟಿನಿಂದ ಡಬ್ಬ ಇಳಿಸುವಾಗ ಏಣಿ ಜಾರಿ ನಾನು ಬಿದ್ದದ್ದು, ಬಲ ಕಣಕಾಲಿನ ಗಂಟು ಮೂರು ಚೂರಾದದ್ದು, ಅದೆಲ್ಲ ಈಗ ಹಳೆಯ ಕಥೆ. ಎರಡನೇ ಆಪರೇಷನ್ನಿನಲ್ಲಿ ಡಾಕ್ಟರು ಸ್ಕ್ರೂ ಹಾಕಿ ಕೀಲನ್ನೇ ಬೆಸೆದುಬಿಟ್ಟರು. "ಇನ್ನು ನೋವಿರಲ್ಲ. ಆದರೆ ಕಾಲು ಅಲ್ಲಿ ಮಡಚೋದೂ ಇಲ್ಲ" ಅಂದರು. ಮಾತಿಗೆ ತಪ್ಪಲಿಲ್ಲ. ನೋವು ಹೋಯಿತು, ನಡಿಗೆಯೂ ಹೋಯಿತು. ಹೆಜ್ಜೆ ಹೆಜ್ಜೆಗೂ ಸೊಂಟ ಎತ್ತಿ, ಕಾಲನ್ನು ಪಕ್ಕದಿಂದ ಸುತ್ತಿಸಿ ಮುಂದಿಡಬೇಕು. ಕೌಂಟರಿನಿಂದ ಫ್ರಿಜ್ಜಿಗೆ ಹತ್ತೇ ಹೆಜ್ಜೆ. ಆದರೂ ಮಧ್ಯಾಹ್ನದ ಹೊತ್ತಿಗೆ ಬೆನ್ನು ಹಿಡಿದುಕೊಳ್ಳುತ್ತಿತ್ತು.

ಡಾಕ್ಟರು ಚೀಟಿಯಲ್ಲಿ 'ಬಾಗಿದ ಅಡಿಯ ಬೂಟು' ಎಂದು ಬರೆದಿದ್ದರು. ತೂಗುಕುರ್ಚಿಯ ಕಾಲಿನ ಹಾಗೆ ಅಡಿ ಬಾಗಿದ್ದರೆ, ಕೀಲು ಮಾಡಬೇಕಾದ ಕೆಲಸವನ್ನು ಬೂಟೇ ಮಾಡುತ್ತದಂತೆ. ಬೂಟಿಗೆ ನಮ್ಮ ಮನೆಯಲ್ಲಿ ಬರವಿರಲಿಲ್ಲ. ಅಣ್ಣನ ಹೆಂಡತಿ ಮುಂದಿನ ಕೋಣೆಯಲ್ಲೇ ಪಾದರಕ್ಷೆ ಹೊಲಿಯುತ್ತಾಳೆ. ತನ್ನ ಅಪ್ಪನ ಹತ್ತಿರ ಕೂತು ಕಲಿತ ಕೆಲಸ. ನನಗಿಂತ ಒಂದೇ ವರ್ಷ ದೊಡ್ಡವಳು, ಅದಕ್ಕೇ ಅತ್ತಿಗೆಯಾದರೂ ಏಕವಚನ. ಚೀಟಿ ನೋಡಿ ಅವಳು ಡಾಕ್ಟರನ್ನೇ ಕೇಳಿದಳು, "ಬಾಗು ಎಲ್ಲಿಂದ ಶುರುವಾಗಬೇಕು? ಎಷ್ಟು ಬಾಗಬೇಕು?"

"ಅದು ನಿಮ್ಮ ಕಸುಬಲ್ವಾ?" ಅಂದರು ಡಾಕ್ಟರು.

ಅಂದಾಜಿನಲ್ಲಿ ಒಂದು ಜೊತೆ ಮಾಡಿದಳು. ಮೂರನೇ ದಿನಕ್ಕೆ ನನ್ನ ಮಂಡಿ ಊದಿಕೊಂಡಿತು. ನಡೆಯುವಾಗ ಯಾರೋ ಅದನ್ನು ಹಿಂದಕ್ಕೆ ತಳ್ಳಿದ ಹಾಗಾಗುತ್ತಿತ್ತು. ಅತ್ತಿಗೆ ಆ ಬೂಟನ್ನು ತುಂಬಾ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಅಡಿಯನ್ನು ಕಿತ್ತು ಹಾಕಿದಳು.

ನನಗೆ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಫಿಸಿಯೋ ಹುಡುಗಿ ಒಂದು ದಾರಿ ತೋರಿಸಿದಳು. ಇಂಥ ಬೂಟುಗಳ ಬಗ್ಗೆಯೇ ದಪ್ಪನೆಯ ಪುಸ್ತಕವೊಂದಿದೆ, ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ತಾನೇ ನೋಡಿದ್ದೇನೆ ಎಂದಳು. ಅತ್ತಿಗೆ ಓದಿದ್ದು ಹತ್ತನೇ ತರಗತಿಯವರೆಗೆ. "ನನ್ನಂಥವರನ್ನ ಒಳಗೆ ಬಿಡ್ತಾರಾ?" ಎಂದು ಕೇಳಿದಳು. "ಕೇಳಿ ನೋಡಿ, ಬೇಡ ಅಂದರೆ ವಾಪಸ್ ಬಂದರಾಯ್ತು" ಅಂದಳು ಹುಡುಗಿ.

ಸೋಮವಾರ ನನ್ನ ಅಂಗಡಿಗೂ ಅವಳ ಹೊಲಿಗೆಗೂ ರಜ. ಬಿಡುತ್ತಾರಂತೆ ಎಂಬ ಸುದ್ದಿಯನ್ನು ಅವತ್ತು ಸಂಜೆ ಅತ್ತಿಗೆ ಮನೆಗೆ ತಂದಳು. ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿದರೆ ಹತ್ತರಿಂದ ಐದರವರೆಗೆ ಯಾರು ಬೇಕಾದರೂ ಕೂತು ಓದಬಹುದು. ಪುಸ್ತಕ ಮನೆಗೆ ಕೊಡುವುದಿಲ್ಲ. ಕಂಪ್ಯೂಟರಿನಲ್ಲಿರುವ ಸಂಶೋಧನಾ ಪತ್ರಿಕೆಗಳನ್ನು ವಿದ್ಯಾರ್ಥಿಗಳು ಎಲ್ಲಿಂದಲಾದರೂ ಓದುತ್ತಾರೆ. ಹೊರಗಿನವರಿಗೆ ಕಿಟಕಿ ಪಕ್ಕದ ಒಂದೇ ಒಂದು ಕಂಪ್ಯೂಟರು, ಅದೂ ಅರ್ಧ ಗಂಟೆ.

"ಪುಸ್ತಕ ಸಿಕ್ಕಿತಾ?"

"ಸಿಕ್ಕಿತು. ಒಂದು ಪುಟ ಅರ್ಥ ಮಾಡಿಕೊಳ್ಳೋದಕ್ಕೆ ಒಂದು ಗಂಟೆ ಬೇಕು. ಇನ್ನು ನಾನ್ನೂರು ಪುಟ ಇದೆ." ಚಪ್ಪಲಿ ಬಿಡುತ್ತಾ ಹೇಳಿದಳು, "ಅಲ್ಲೇ ಓದಿ ಪಾಸಾದವರಿಗಾದರೆ ಕಾರ್ಡ್ ಕೊಡ್ತಾರಂತೆ. ಒಂದು ತಿಂಗಳು ಮನೆಯಲ್ಲೇ ಇಟ್ಟುಕೊಳ್ಳಬಹುದಂತೆ."

ನಾವಿಬ್ಬರೂ ಒಟ್ಟಿಗೇ ಅಣ್ಣನ ಕಡೆ ತಿರುಗಿದೆವು. ಅವನು ನೀರು ಸರಬರಾಜು ಇಲಾಖೆಯಲ್ಲಿ ಮೀಟರು ಓದುವವನು. ಇಪ್ಪತ್ತನಾಲ್ಕು ವರ್ಷದ ಹಿಂದೆ ಅದೇ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಹೇಗೋ ದಡ ಸೇರಿದ್ದ.

"ಯಾಕೆ ಹಾಗೆ ನೋಡ್ತೀರಿ?" ಅಂದ ಅಣ್ಣ.

ಮುಂದಿನ ವಾರ ರಜ ಹಾಕಿಸಿ ಅವನನ್ನು ಕರೆದುಕೊಂಡು ಹೋದಳು. ಮೇಜಿನ ಹಿಂದೆ ಕನ್ನಡಕವನ್ನು ಹಣೆಗೇರಿಸಿಕೊಂಡ ಗ್ರಂಥಪಾಲಕಿ. ಹಳೆಯ ದಾಖಲೆ ಹುಡುಕಿ ಅಣ್ಣನ ಹೆಸರು ಪತ್ತೆ ಮಾಡಿದರು. "ಮೂರು ವರ್ಷದಲ್ಲಿ ನೀವು ಒಂದು ಪುಸ್ತಕವನ್ನೂ ತಗೊಂಡಿಲ್ಲವಲ್ಲ?"

"ಇಲ್ಲೇ ಕೂತು ಓದ್ತಿದ್ದೆ, ಮೇಡಂ."

"ಒಳಗೆ ಬಂದವರು ಸಹಿ ಹಾಕಿದ ಪುಸ್ತಕಗಳೂ ಇವೆ. ತೆಗೆಯಲಾ?"

ಅಣ್ಣ ಅರ್ಜಿಯ ಮೇಲೆ ಬಗ್ಗಿ ಹೆಸರು ಬರೆಯತೊಡಗಿದ. ಅತ್ತಿಗೆ ಇದನ್ನು ಹೇಳಿ ಹೇಳಿ ಒಂದು ವಾರ ನಕ್ಕಳು. ಕಾರ್ಡಂತೂ ಬಂತು, ಅದರ ಮೇಲೆ ಮೀಸೆಯ ಸಮೇತ ಅಣ್ಣನ ಫೋಟೋ.

ಪುಸ್ತಕ ಮನೆಗೆ ಬಂದ ಮೇಲೆ ಮುಂದಿನ ಕೋಣೆಯ ಚಹರೆಯೇ ಬದಲಾಯಿತು. ಗೋಡೆಯ ತುಂಬ ಪಾದದ ಚಿತ್ರ, ಚರ್ಮದ ತುಂಡುಗಳ ಮೇಲೆ ಪೆನ್ಸಿಲಿನ ಗೀಟು. ಪಕ್ಕದಲ್ಲಿ ನಿಘಂಟು. ನಾನು ಅಂಗಡಿಯಿಂದ ಬಂದ ಕೂಡಲೇ ನಿಲ್ಲಿಸುತ್ತಿದ್ದಳು, ನಡೆಸುತ್ತಿದ್ದಳು, ಒದ್ದೆ ಕಾಲಿನಲ್ಲಿ ಕಾಗದ ತುಳಿಸುತ್ತಿದ್ದಳು. ತಿಂಗಳು ಮುಗಿಯುವಾಗ ಅರ್ಧ ಪುಸ್ತಕವೂ ಆಗಿರಲಿಲ್ಲ. ಅವಧಿ ಮುಂದೂಡಬೇಕಿತ್ತು, ಅಣ್ಣನಿಗೆ ಅವತ್ತು ಊರ ಆಚೆ ತುದಿಯಲ್ಲಿ ಡ್ಯೂಟಿ. ಅತ್ತಿಗೆ ಅವನ ಜೇಬಿನಿಂದ ಕಾರ್ಡು ತೆಗೆದುಕೊಂಡು ಒಬ್ಬಳೇ ಹೋದಳು.

ಗ್ರಂಥಪಾಲಕಿ ಕಾರ್ಡನ್ನು ನೋಡಿದರು, ಅವಳನ್ನು ನೋಡಿದರು. "ಇದು ನೀವಲ್ಲ."

"ನನ್ನ ಯಜಮಾನರದ್ದು. ಪುಸ್ತಕ ಓದೋದು ನಾನು."

"ಅದು ಅವತ್ತೇ ಗೊತ್ತಾಯ್ತು. ಆದರೆ ಕಾರ್ಡ್ ಇನ್ನೊಬ್ಬರ ಕೈಗೆ ಕೊಡೋ ಹಾಗಿಲ್ಲ. ಒಂದು ತಿಂಗಳು ನನ್ನ ಹತ್ತಿರ ಇರುತ್ತೆ." ಕಾರ್ಡನ್ನು ಡ್ರಾಯರಿಗೆ ಹಾಕಿದರು. ಪುಸ್ತಕವನ್ನೂ ತೆಗೆದುಕೊಂಡರು.

ಅತ್ತಿಗೆ ಮನೆಗೆ ಬಂದು ಬಾಗಿಲ ಹತ್ತಿರವೇ ಕೂತಳು. ಬೈಸಿಕೊಂಡಿದ್ದರೆ ಅಷ್ಟು ಅನ್ನಿಸುತ್ತಿರಲಿಲ್ಲವೋ ಏನೋ. ಅವರು ಮೆಲ್ಲಗೆ ಹೇಳಿದ್ದೇ ಅವಳಿಗೆ ಚುಚ್ಚಿತ್ತು. "ನಿನ್ನ ಮಾನ ಕಳೆದೆ" ಅಂದಳು ಅಣ್ಣನಿಗೆ.

"ಅಲ್ಲಿ ನನ್ನ ಮಾನ ಎಲ್ಲಿತ್ತು ಕಳೆಯೋದಕ್ಕೆ?" ಎಂದ ಅಣ್ಣ. "ಸೋಮವಾರ ಮತ್ತೆ ಹೋಗು. ಕೂತು ಓದೋದಕ್ಕೆ ಕಾರ್ಡ್ ಬೇಡ ತಾನೇ?"

"ಯಾವ ಮುಖ ಇಟ್ಟುಕೊಂಡು ಹೋಗಲಿ?"

"ಇರೋದೇ ಒಂದು, ಅದನ್ನೇ ಇಟ್ಟುಕೊಂಡು ಹೋಗು."

ನನ್ನ ಕಾಲಿಗಾಗಿ ಅವಳು ಇನ್ನೊಬ್ಬರ ಮುಂದೆ ತಲೆ ತಗ್ಗಿಸಿ ನಿಂತಳಲ್ಲ. ಬಿಟ್ಟುಬಿಡು, ಹೀಗೇ ನಡೆಯುತ್ತೇನೆ ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಸೋಮವಾರ ಬೆಳಗ್ಗೆ ಅವಳೇ ಚೀಲದಲ್ಲಿ ಅಳತೆಪಟ್ಟಿ ಹಾಕಿಕೊಳ್ಳುತ್ತಿದ್ದದ್ದನ್ನು ನೋಡಿ, ಊಟದ ಡಬ್ಬಿ ತುಂಬಿ ಕೊಟ್ಟೆ.

ಅವಳು ಸಹಿ ಹಾಕಿದಾಗ ಗ್ರಂಥಪಾಲಕಿ ಮೇಜಿನ ಬದಿಗೆ ತೆಗೆದಿಟ್ಟಿದ್ದ ಪುಸ್ತಕವನ್ನು ಕೊಟ್ಟರು. ಹಾಗೆ ನಾಲ್ಕು ಸೋಮವಾರ. ಮೂರನೆಯದರಲ್ಲಿ ನನ್ನ ಪಾದದ ಅಚ್ಚನ್ನು, ಮರದಲ್ಲಿ ಕೆತ್ತಿದ್ದನ್ನು, ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದಳು. ಬಾಗಿಲ ಕಾವಲಿನವನು ಬಿಚ್ಚಿ ನೋಡಿ ಬೆಚ್ಚಿಬಿದ್ದ. ಗ್ರಂಥಪಾಲಕಿ ಎದ್ದು ಬಂದು, ಅದನ್ನು ಕೈಯಲ್ಲಿ ಹಿಡಿದು, "ಇದು ಯಾರದ್ದು?" ಎಂದು ಕೇಳಿದರು.

"ನಾದಿನಿಯದ್ದು. ಕೀಲು ಮಡಚಲ್ಲ. ಬಾಗು ಎಲ್ಲಿ ಇಡಬೇಕು ಅಂತ ಪುಸ್ತಕ ಮೂರು ಥರ ಹೇಳುತ್ತೆ, ಮೇಡಂ. ಯಾವುದು ಸರಿ?"

"ಪುಸ್ತಕ ಹಳೆಯದು. ಹೊಸದಾಗಿ ಏನಾದರೂ ಬಂದಿರಬೇಕು, ಬನ್ನಿ" ಎಂದು ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಅವಳನ್ನು ಕೂರಿಸಿ, ಪಕ್ಕದಲ್ಲಿ ತಾವೂ ಕುರ್ಚಿ ಎಳೆದುಕೊಂಡರು. ಅವರಿಗೆ ಹುಡುಕುವುದು ಗೊತ್ತು, ಅವಳಿಗೆ ಪಾದ ಗೊತ್ತು. ಅವರು ಓದುತ್ತಾ ಹೋದರು, ಅವಳು ಅಚ್ಚಿನ ಮೇಲೆ ಬೆರಳಿಟ್ಟು ಇದು ಇಲ್ಲಿ, ಅದು ಅಲ್ಲಿ ಎನ್ನುತ್ತಾ ಹೋದಳು. ಸರದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅರ್ಧ ಗಂಟೆಯ ಲೆಕ್ಕ ಇಬ್ಬರೂ ಹಿಡಿಯಲಿಲ್ಲ. ಒಂದು ಪತ್ರಿಕೆಯ ಲೇಖನದಲ್ಲಿ ನನ್ನಂಥವರೇ ಹನ್ನೊಂದು ಜನರನ್ನು ನಡೆಸಿ ನೋಡಿದ್ದರಂತೆ. ಬಾಗು ಬೆರಳುಗಳ ಬುಡಕ್ಕಿಂತ ಒಂದಿಷ್ಟು ಹಿಂದೆಯೇ ಶುರುವಾಗಬೇಕು, ಹಿಮ್ಮಡಿಯ ಕೆಳಗೆ ಮೆತ್ತಗಿರಬೇಕು. ಅತ್ತಿಗೆ ಬಾಗನ್ನು ತೀರಾ ಮುಂದಕ್ಕೆ ಇಟ್ಟಿದ್ದಳು. ಮಂಡಿ ಊದಿದ್ದು ಅದಕ್ಕೇ.

ತಿಂಗಳು ಕಳೆದು ಕಾರ್ಡು ವಾಪಸು ಬಂತು. ಅದರಿಂದ ಪುಸ್ತಕ ತರುವುದು ಅಣ್ಣನದೇ ಕೆಲಸವಾಯಿತು. ಮೊದಲು ಅವಳ ಪುಸ್ತಕ ಮಾತ್ರ ಹೊತ್ತು ತರುತ್ತಿದ್ದ. ಈಗೀಗ ಹಳೆಯ ಯುದ್ಧಗಳದ್ದೂ ಒಂದು ಬರುತ್ತದೆ. ಓದುತ್ತಾನೋ ನಿದ್ದೆಗೆ ದಿಂಬು ಮಾಡಿಕೊಳ್ಳುತ್ತಾನೋ, ಕೇಳಲು ಹೋಗಿಲ್ಲ.

ಬೂಟು ಎರಡನೇ ಸಲವೂ ಪೂರ್ತಿ ಸರಿಯಾಗಲಿಲ್ಲ. ಮೂರನೇ ಸಲ ಹಿಮ್ಮಡಿಯ ಪದರ ಬದಲಿಸಿ, ಅಡಿಯನ್ನು ಎರಡು ನೂಲು, ಅಂದರೆ ಕಾಲಂಗುಲದಷ್ಟು, ಉಜ್ಜಿ ಕೊಟ್ಟಳು. ಹಜಾರದಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದೆ. ಸೊಂಟ ಎತ್ತಬೇಕಾಗಲಿಲ್ಲ. ಪಾದ ತಾನಾಗಿ ಉರುಳಿ ಮುಂದಕ್ಕೆ ಹೋಯಿತು. ಅತ್ತಿಗೆ ನನ್ನ ಮುಖ ನೋಡಲೇ ಇಲ್ಲ, ಮಂಡಿಯನ್ನೇ ನೋಡುತ್ತಿದ್ದಳು. "ಇನ್ನೊಂದು ಸಲ" ಅಂದಳು. ಹಾಗೆ ಹತ್ತು ಸಲ ನಡೆಸಿದ ಮೇಲೆ ಬೆನ್ನು ತಿರುಗಿಸಿ ಸೂಜಿ ದಾರ ಎತ್ತಿಡತೊಡಗಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ನನಗೆ ಕಾಣಲಿಲ್ಲ ಅಂದುಕೊಂಡಿರಬೇಕು.

ಮುಂದಿನ ಸೋಮವಾರ ನಾನೂ ಹೊರಟೆ. ಗ್ರಂಥಾಲಯಕ್ಕೆ ಹದಿನೆಂಟು ಮೆಟ್ಟಿಲು. ಕಂಬಿ ಹಿಡಿದುಕೊಂಡೇ ಹತ್ತಿದೆ, ಆದರೆ ಎಲ್ಲೂ ನಿಲ್ಲಲಿಲ್ಲ. ಸಂದರ್ಶಕರ ಪುಸ್ತಕದಲ್ಲಿ 'ಬಂದ ಕಾರಣ' ಎಂಬ ಕಡೆ ಏನು ಬರೆಯುವುದೆಂದು ತೋಚದೆ ಪೆನ್ನು ಹಿಡಿದು ನಿಂತಿದ್ದೆ.

"ಓದೋದಕ್ಕೆ ಅಂತ ಬರೀರಿ" ಅಂದರು ಗ್ರಂಥಪಾಲಕಿ. ಅವರ ಕಣ್ಣು ನನ್ನ ಬೂಟಿನ ಮೇಲಿತ್ತು. "ಒಂದು ನಾಲ್ಕು ಹೆಜ್ಜೆ ನಡೆದು ತೋರಿಸ್ತೀರಾ?"

ಕಪಾಟುಗಳ ನಡುವಿನ ಉದ್ದನೆಯ ಓಣಿಯಲ್ಲಿ ಆ ತುದಿಯವರೆಗೂ ನಡೆದು ಬಂದೆ. ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ತಲೆಯೆತ್ತಿ ನೋಡಿ ಮತ್ತೆ ಪುಸ್ತಕಕ್ಕೆ ಬಗ್ಗಿದರು. ಅತ್ತಿಗೆ ಆಗಲೇ ಕಿಟಕಿ ಪಕ್ಕ ಕೂತಿದ್ದಳು. ಚಪ್ಪಟೆ ಪಾದದ ಮಕ್ಕಳ ಬಗ್ಗೆ ಏನೋ ಹುಡುಕಬೇಕಂತೆ. ನಾನು ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ.