ಕತ್ತರಿಸದ ಎಳೆಗಳು

ಮಿಯೋ ಅಜ್ಜಿಯ ಬಟ್ಟಲಿಗೆ ಪುಟ್ಟ ಕತ್ತರಿ ಇಳಿಸಿ ನೂಡಲ್ಸನ್ನು ತುಂಡು ಮಾಡುತ್ತಿದ್ದಳು. ಕಿತಾಕತಾ ಊರಿನ ನೂಡಲ್ಸ್ ಅಗಲ, ಸುರುಳಿಸುರುಳಿ. ಕತ್ತರಿಗೆ ಸಿಕ್ಕಂತೆ ಮಾಡಿ ಜಾರಿಬಿಡುತ್ತದೆ. ಎಡಗೈಯ ಊಟದ ಕಡ್ಡಿಗಳಲ್ಲಿ ಎಳೆಗಳನ್ನು ಎತ್ತಿ ಹಿಡಿದು, ಒಂದೊಂದನ್ನೂ ಬೆರಳಗಲಕ್ಕೆ ಕತ್ತರಿಸಿದಳು. ಹಂದಿಮಾಂಸದ ಹೋಳುಗಳನ್ನೂ ಕಳಲೆಯನ್ನೂ ತೆಗೆದು ಅಪ್ಪನ ಬಟ್ಟಲಿಗೆ ಹಾಕಿದಳು. ಅಪ್ಪ ತಲೆ ಎತ್ತಲಿಲ್ಲ. ಅಜ್ಜಿ ಮಡಿಲಲ್ಲಿ ಕೈಯಿಟ್ಟುಕೊಂಡು, ಗಾಜಿನಾಚೆ ಬೀದಿಯ ಹಿಮ ಎತ್ತಿಹಾಕುತ್ತಿದ್ದವರನ್ನು ನೋಡುತ್ತಿದ್ದಳು.

ಭಾನುವಾರದ ಬೆಳಗು. ರಾತ್ರಿ ಪಾಳಿ ಮುಗಿಸಿದವರು, ಅಂಗಳದ ಹಿಮ ತೆಗೆದು ಬೆವೆತವರು, ಎಲ್ಲರೂ ಬಟ್ಟಲಿನ ಮೇಲೆ ಬಗ್ಗಿ ಸೊರ್ರನೆ ಎಳೆದುಕೊಳ್ಳುತ್ತಿದ್ದರು. ಸಾರಿನ ಬಿಸಿ ಆರುವುದರೊಳಗೆ, ಎಳೆ ಊದಿಕೊಳ್ಳುವುದರೊಳಗೆ ತಿಂದು ಏಳಬೇಕು. ಮಾತಿಗೆ ಪುರುಸೊತ್ತಿಲ್ಲ. ಅಪ್ಪನಿಗೆ ಈ ರಾಮೆನ್ ಅಂಗಡಿ ಇಷ್ಟವಾಗುವುದು ಅದಕ್ಕೇ ಇರಬೇಕು ಎಂದು ಮಿಯೋಗೆ ಎಷ್ಟೋ ಸಲ ಅನ್ನಿಸಿದೆ. ಇಲ್ಲಿ ಅವನನ್ನು ಯಾರೂ ಏನೂ ಕೇಳುವುದಿಲ್ಲ.

ಇವತ್ತು ಅವಳು ಕೇಳಬೇಕೆಂದೇ ಬಂದಿದ್ದಳು. ಅಜ್ಜಿ ಮರೆವು ಹತ್ತಿ, ಒಲೆ ಉರಿಯುತ್ತಿದ್ದಂತೆಯೇ ಬಿಟ್ಟು ಹೊಳೆಯ ಕಡೆ ನಡೆದುಹೋದ ವರ್ಷ, ಮಿಯೋಗೆ ಹದಿನಾರು. "ಸ್ವಲ್ಪ ದಿನ ಮನೇಲಿರು, ಆಮೇಲೆ ನೋಡೋಣ" ಎಂದಿದ್ದ ಅಪ್ಪ. ಆ ಸ್ವಲ್ಪ ದಿನ ಇನ್ನೂ ಮುಗಿದಿರಲಿಲ್ಲ. ಅವಳ ಜೊತೆಯವರೆಲ್ಲ ಶಾಲೆ ಮುಗಿಸಿ ಊರು ಬಿಟ್ಟಿದ್ದರು. ಪಕ್ಕದ ಊರಿನಲ್ಲಿ ಸಂಜೆ ಶಾಲೆಯಿದೆ, ಏಪ್ರಿಲ್‌ನಲ್ಲಿ ಶುರು. ಅವಳು ಹೋಗಬೇಕಾದರೆ ಸಂಜೆ ಅಜ್ಜಿಯ ಹತ್ತಿರ ಯಾರಾದರೂ ಇರಬೇಕು. ಅಪ್ಪ ಕಿಟಕಿ ಚೌಕಟ್ಟಿನ ಕಾರ್ಖಾನೆಯಲ್ಲಿ ಹಗಲು ಪಾಳಿ ಕೇಳಿಕೊಂಡರೆ ಆಯಿತು. ಇಷ್ಟೇ ಮಾತು. ಆದರೆ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದವನು ಉಂಡು ಮಲಗುತ್ತಾನೆ, ಕತ್ತಲಾಗುತ್ತಲೇ ಎದ್ದು ಹೋಗುತ್ತಾನೆ. ಮನೆಯಲ್ಲಿ ಆ ಮಾತಿಗೆ ಜಾಗವೇ ಇರಲಿಲ್ಲ.

"ಏನಮ್ಮ ಮಿಯೋ, ಇವತ್ತೂ ನಿಂದು ಕೊನೇಗೇನಾ?" ಅಂಗಡಿಯ ಯಾಸುಯೊ ನೀರಿನ ಲೋಟ ಇಡುತ್ತಾ ಹೇಳಿದಳು. "ಇನ್ನೊಂಚೂರು ಬಿಟ್ರೆ ಊದ್ಕೊಂಡು ಹಗ್ಗ ಆಗತ್ತೆ. ಹಿಮದಲ್ಲಿ ಸಿಕ್ಕಿಬಿದ್ದ ಗಾಡಿ ಎಳೀಬಹುದು."

ಪಕ್ಕದ ಮೇಜಿನ ಹೋಷಿ ಅಜ್ಜ ಬಾಯಿ ಒರೆಸಿಕೊಂಡ. "ನಮ್ಮನೇಲಿ ಮೂರು ಮೊಮ್ಮಕ್ಕಳಿದಾವೆ. ಒಂದೂ ನನ್ನ ಕನ್ನಡಕ ಎತ್ತಿ ಕೊಡಲ್ಲ. ಇಂಥ ಹುಡುಗಿ ಸಿಗೋಕೆ ಪುಣ್ಯ ಮಾಡಿರ್ಬೇಕು."

"ನಿಮ್ಮ ಬಾಯಿಗೆ ಹೆದರಿ ಬರಲ್ಲ ಬಿಡಿ ಅವು," ಎಂದಳು ಯಾಸುಯೊ.

ಅಪ್ಪ ನಕ್ಕ. ಅವನ ಕಿವಿ ಕೆಂಪಗಾಗಿತ್ತು. "ಇವಳಿಗೆ ಮೊದಲಿಂದ್ಲೂ ಅಜ್ಜಿ ಅಂದ್ರೆ ಪ್ರಾಣ. ಶಾಲೆ ಅಂದ್ರೆ ಅಷ್ಟಕ್ಕಷ್ಟೆ."

ಮಿಯೋ ಕತ್ತರಿಯನ್ನು ಕಾಗದದಲ್ಲಿ ಒರೆಸಿದಳು, ಇನ್ನೊಮ್ಮೆ ಒರೆಸಿದಳು. ಅಪ್ಪ ಸುಳ್ಳು ಹೇಳುತ್ತಿರಲಿಲ್ಲ. ಅವನು ಹಾಗೇ ನಂಬಿಕೊಂಡಿದ್ದ. ಅಂಗಡಿಯವರೆಲ್ಲ ತನ್ನನ್ನು ಮೆಚ್ಚಿ ನೋಡುತ್ತಿರುವಾಗ ಬಾಯಿ ತೆರೆಯುವುದು ಹೇಗೆಂದು ತಿಳಿಯದೆ, ಅವಳು ಚಮಚ ತುಂಬಿ ಅಜ್ಜಿಯ ತುಟಿಗೆ ಹಿಡಿದಳು.

ಅಜ್ಜಿ ಚಮಚದೊಳಗೆ ಇಣುಕಿದಳು. "ಇದು ಕೋಳಿಗೆ ಹಾಕೋದು."

"ಅಜ್ಜಿ, ಒಂದು ತುತ್ತು."

"ನಾನೇನು ಕೋಳಿನಾ?"

ಹೋಷಿ ಅಜ್ಜನಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅಜ್ಜಿ ಕೈ ಚಾಚಿ ಅಪ್ಪನ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ಕಡ್ಡಿಗಳನ್ನೂ ಅವನ ಬೆರಳ ಸಂದಿಯಿಂದಲೇ ಕಿತ್ತುಕೊಂಡಳು. ಒಂದು ಹಿಡಿ ನೂಡಲ್ಸ್ ಎತ್ತಿದಳು. ಎಳೆಗಳು ಮೇಜಿನಿಂದ ಅವಳ ಮೂಗಿನವರೆಗೂ ಉದ್ದಕ್ಕೆ ಜೋತಾಡಿದವು.

"ಮಿಯೋ, ತೆಗಿಯೇ ಅದನ್ನ," ಅಪ್ಪ ಗಾಬರಿಯಾದ. "ಗಂಟಲಿಗೆ ಸಿಕ್ಕೊಳ್ಳತ್ತೆ."

ಮಿಯೋ ಅರ್ಧ ಎದ್ದಿದ್ದಳು. ಮತ್ತೆ ಕೂತಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಕಣ್ಣು ಅಜ್ಜಿಯ ಗಂಟಲಿನ ಮೇಲೆಯೇ ಇತ್ತು.

"ಮಿಯೋ!"

"ಬೆನ್ನಿಗೆ ಕೈ ಕೊಡು ಅಪ್ಪಾ," ಎಂದಳು ಅವಳು ಮೆಲ್ಲಗೆ.

ಅಪ್ಪ ಅವಳನ್ನೊಮ್ಮೆ, ತನ್ನ ತಾಯಿಯನ್ನೊಮ್ಮೆ ನೋಡಿದ. ಆಮೇಲೆ ಕುರ್ಚಿ ಜರುಗಿಸಿ ತಾಯಿಯ ಬೆನ್ನಿಗೆ ಅಂಗೈ ಒಡ್ಡಿದ. ಇನ್ನೊಂದು ಕೈಯನ್ನು ಅವಳ ಗಲ್ಲದ ಕೆಳಗೆ ಬೊಗಸೆಯಂತೆ ಹಿಡಿದ. "ನಿಧಾನ ಅಮ್ಮ. ಕಚ್ಚು. ಕಚ್ಚಿ ಬಿಡು. ಹಾಂ, ಈಗ ನುಂಗು." ಸಾರು ಅವನ ತೋಳಿನುದ್ದಕ್ಕೂ ಇಳಿಯಿತು, ಅವನು ಕೈ ತೆಗೆಯಲಿಲ್ಲ. ಅಜ್ಜಿಯ ಗಂಟಲು ಒಮ್ಮೆ ನಿಂತಂತಾಗಿ, ಮೇಲೆದ್ದು, ಕೆಳಗಿಳಿಯಿತು.

"ಉಪ್ಪು ಮುಂದಾಗಿದೆ," ಎಂದಳು ಅಜ್ಜಿ.

"ನಾನು ಈ ಅಂಗಡಿ ಮನೆಗೆ ಸೊಸೆಯಾಗಿ ಬಂದಾಗಿಂದ ಇದನ್ನೇ ಹೇಳ್ತಿದೀರಿ," ಎಂದಳು ಯಾಸುಯೊ. "ಒಂದು ಭಾನುವಾರಾನೂ ತಪ್ಪಿಸಿಲ್ಲ ಮಾತ್ರ."

ಅಂಗಡಿ ನಕ್ಕು ಮತ್ತೆ ಬಟ್ಟಲುಗಳ ಮೇಲೆ ಬಗ್ಗಿತು. ಅಪ್ಪ ಮುಂದಿನ ತುತ್ತಿಗೂ ಕೈ ಒಡ್ಡಿದ, ಅದರ ಮುಂದಿನದಕ್ಕೂ. ಯಾರೂ ಹೇಳಿಕೊಡದೆಯೇ ಗಲ್ಲ ಒರೆಸಿದ. ಮಿಯೋ ತನ್ನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ಊದಿಹೋಗಿದ್ದ ನೂಡಲ್ಸನ್ನು ಅವಸರವಿಲ್ಲದೆ ಕೊನೆಯ ಎಳೆಯವರೆಗೂ ತಿಂದಳು.

ಅಜ್ಜಿ ಸಾಕೆಂದು ಬಟ್ಟಲನ್ನು ಅಪ್ಪನ ಮುಂದಕ್ಕೆ ತಳ್ಳಿದಾಗ, ಮಿಯೋ ಕಡ್ಡಿಗಳನ್ನು ಜೋಡಿಸಿಟ್ಟಳು.

"ನಂಗೆ ಶಾಲೆ ಇಷ್ಟ ಇತ್ತು ಅಪ್ಪಾ," ಎಂದಳು. ಅವಳ ದನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಪಕ್ಕದೂರಲ್ಲಿ ಸಂಜೆ ಶಾಲೆ ಇದೆ. ಸೇರ್ಕೋತೀನಿ."

ಹೋಷಿ ಅಜ್ಜ ಬಾಯಿಗೊಯ್ಯುತ್ತಿದ್ದ ತುತ್ತನ್ನು ಅರ್ಧಕ್ಕೇ ನಿಲ್ಲಿಸಿದ. ಯಾಸುಯೊ ಒಲೆಯ ಕಡೆ ತಿರುಗಿಕೊಂಡು ಸೌಟು ಹುಡುಕಿದಳು. ಅಪ್ಪ ಎರಡೂ ಕೈಯಲ್ಲಿ ಬಟ್ಟಲೆತ್ತಿ ಉಳಿದ ಸಾರು ಕುಡಿಯತೊಡಗಿದ. ಬಟ್ಟಲು ಅವನ ಮುಖವನ್ನು ಪೂರ್ತಿ ಮುಚ್ಚಿತ್ತು. ಅದರಲ್ಲಿ ಉಳಿದಿದ್ದುದು ಎರಡು ಗುಟುಕಿಗಿಂತ ಹೆಚ್ಚಿರಲಿಲ್ಲ. ಅವನ ಗಂಟಲು ಅಲುಗುವುದು ನಿಂತ ಮೇಲೂ ಬಟ್ಟಲು ಕೆಳಗಿಳಿಯಲಿಲ್ಲ.

ಮಿಯೋ ಆ ಬಟ್ಟಲಿನ ತಳವನ್ನೇ ನೋಡುತ್ತಾ ಹೇಳಿದಳು.

"ಏಪ್ರಿಲ್‌ನಿಂದ ಹಗಲು ಪಾಳಿ ಕೇಳ್ಕೋ ಅಪ್ಪಾ."