ಬಂದ ದಾರಿಗೆ ತಿರುಗದ ಅತ್ತೆ

ಒಂದೇ ಒಂದು ಸಲ ಬಿಟ್ಟರೆ, ನಮ್ಮ ಸೋದರತ್ತೆ ಬಂದ ದಾರಿಯಲ್ಲೇ ಹಿಂತಿರುಗಿದ್ದನ್ನು ಕಂಡವರಿಲ್ಲ. ಬೀದಿಯ ಈ ತುದಿಯಲ್ಲಿ ಹೊಕ್ಕರೆ ಆ ತುದಿಯಲ್ಲೇ ಹೊರಬೀಳಬೇಕು. ಮರೆತ ಕೊಡೆಗಾಗಿ ಮನೆಗೆ ಮರಳುವಾಗಲೂ ಬೇರೊಂದು ಓಣಿಯನ್ನೇ ಹಿಡಿಯಬೇಕು. ದೇಹಕ್ಕಿಂತ ಗೇಣು ಮುಂದೆ ತಲೆ ಚಾಚಿ, ಸರ್ವಋತುಗಳಲ್ಲೂ ತೊಡುತ್ತಿದ್ದ ಬೂದು ಕೋಟಿನ ಆಳವಾದ ಜೇಬುಗಳಲ್ಲಿ ಪೆನ್ಸಿಲ್ಲುಗಳನ್ನು ಕಟಕಟಿಸುತ್ತ ಆಕೆ ನಡೆದರೆ, ಜೊತೆಗಿದ್ದವರಿಗೆ ಏದುಸಿರು. ಹಳೆಯ ಊರು ಈ ಹಟಕ್ಕೆ ಹೇಳಿ ಮಾಡಿಸಿದಂತಿತ್ತು. ಅಲ್ಲಿನ ಯಾವ ಬೀದಿಯೂ ಇನ್ನೆರಡು ಬೀದಿಗಳನ್ನು ಕೂಡದೆ ಮುಗಿಯುತ್ತಿರಲಿಲ್ಲ.

ಆಕೆಯ ಉದ್ಯೋಗವೂ ಬೀದಿಗಳದ್ದೇ. ನಗರ ಯೋಜನೆಯ ಕಚೇರಿಯಲ್ಲಿ ಹೊಸ ಬಡಾವಣೆಗಳ ನಕ್ಷೆ ಬರೆಯುತ್ತಿದ್ದಳು. ರಸ್ತೆಯ ಮೇಲೆ ಬೆರಳೆಳೆದು, ಅದು ನಿಂತಲ್ಲಿ "ಆಮೇಲೆ?" ಎನ್ನುವಳು. ಕಥೆ ಹೇಳುವ ಮಕ್ಕಳಿಗೂ, ಮದುವೆಯ ಪ್ರಸ್ತಾಪ ತಂದವರಿಗೂ ಅದೇ ಪ್ರಶ್ನೆ. ಎರಡನೆಯವರಲ್ಲಿ ಯಾರಿಗೂ ಉತ್ತರ ಹೊಳೆಯದೆ ಅತ್ತೆ ಒಂಟಿಯಾಗಿಯೇ ಉಳಿದಳು. ಊರು ಹೊಲಗದ್ದೆಗಳ ಮೇಲೆ ಹರಡಿಕೊಳ್ಳುತ್ತಿದ್ದಂತೆ, ಕೊನೆ ಮುಚ್ಚಿದ ಬೀದಿಗಳಿಗೆ ಬೇಡಿಕೆ ಹೆಚ್ಚಿತು: ಗದ್ದಲವಿಲ್ಲ, ಹೊರಗಿನವರ ಓಡಾಟವಿಲ್ಲ. ಅತ್ತೆ ಪ್ರತಿ ಬೀದಿಯ ತುದಿಯಲ್ಲೂ ಒಂದು ಕಾಲುದಾರಿ ಬಿಡುವಳು, ಮೇಲಧಿಕಾರಿ ಅಳಿಸುವನು.

ಅಂಥದೊಂದು ಬೀದಿಯ ಕೊನೆಯ ಮನೆಯನ್ನು ಕೊಂಡವಳು ಆಕೆಯ ಸ್ವಂತ ತಂಗಿ. ಬೀದಿಯ ಕೊನೆಗೊಂದು ಗೋಡೆ, ಗೋಡೆಯಾಚೆ ಅತ್ತೆಯ ಮನೆ. ತಂಗಿ ಕೆಮ್ಮಿದರೆ ಕೇಳಿಸುತ್ತದೆ. ಹೋಗಿ ನೋಡಲು ಹೆದ್ದಾರಿ ಹಿಡಿದು ಅರ್ಧ ಊರು ಸುತ್ತಬೇಕು. ಮಂಡಿಗಳು ಗಟ್ಟಿಯಿದ್ದಾಗ ಅತ್ತೆ ಹಾಗೆ ಸುತ್ತಿ ಹೋಗಿ, ಮರಳುವಾಗ ಗೋಡೆ ಹತ್ತಿಳಿಯುತ್ತಿದ್ದಳು. ಆ ಮಂಡಿಗಳು ಕೈಕೊಟ್ಟ ಮೇಲೆ ಅಕ್ಕತಂಗಿಯರು ಒಬ್ಬರನ್ನೊಬ್ಬರು ಕಾಣುವುದೇ ಅಪರೂಪವಾಯಿತು. ಆಗ ಗೋಡೆಗೊಂದು ಪುಟ್ಟ ಬಾಗಿಲು ಇಡಿಸಿರೆಂದು ಅತ್ತೆ ಆ ಬೀದಿಯವರನ್ನು ಕೇಳಿಕೊಂಡಳು. ತಂಗಿಯ ಹಜಾರದಲ್ಲೇ ಸಭೆ ಸೇರಿತು; ಅತ್ತೆಯನ್ನು ಕರೆದೊಯ್ದವನು ನಾನು.

ಬೇಡವೆಂದು ಎಲ್ಲರೂ ಕೈ ಎತ್ತಿದರು. ಕಟ್ಟಕಡೆಗೆ ತಂಗಿಯೂ ಎತ್ತಿದಳು.

"ಅಕ್ಕಾ, ನೀನೊಬ್ಳೇ ಬಂದ್ರೆ ಯಾರ್ ಬೇಡ ಅಂತಾರೆ? ನಿನ್ ಹಿಂದೆ ಊರೇ ಬರುತ್ತಲ್ಲ! ಬಾಗ್ಲಿಗೆ ಬೀಗ ಹಾಕ್ಸೋಣ, ಕೀಲಿಕೈ ನಿನ್ ಹತ್ರನೇ ಇರ್ಲಿ."

ಸಭೆ ಒಪ್ಪಿ ತಲೆಯಾಡಿಸಿತು. ನನಗೂ ಕೆಲಸ ಆಯಿತೆನ್ನಿಸಿತು.

"ಸರಿ, ನಾನು ಒಳಗೆ ಬಂದೆ. ಆಮೇಲೆ?" ಎಂದಳು ಅತ್ತೆ. "ಹಿಂದೆ ಬರೋರ ಮುಖದ ಮೇಲೆ ಬಾಗ್ಲು ಹಾಕ್ಲಾ?"

ತಂಗಿಯ ಕಣ್ಣು ತುಂಬಿತು. ಎತ್ತಿದ ಕೈ ಮಾತ್ರ ಇಳಿಯಲಿಲ್ಲ.

ಹೊರಬಂದ ಅತ್ತೆ ಅಭ್ಯಾಸಬಲದಿಂದ ಗೋಡೆಯತ್ತಲೇ ನಡೆದಳು. ಅದರ ಮೇಲಿಂದ ಆಕೆಯ ಮನೆಯ ಸೂರು ಕಾಣುತ್ತಿತ್ತು. ತುಸು ಹೊತ್ತು ನಿಂತು, ನನ್ನ ತೋಳು ಹಿಡಿದು, ಬಂದ ದಾರಿಯಲ್ಲೇ ಹಿಂತಿರುಗಿದಳು. ಆ ದೀರ್ಘ ಸುತ್ತಿನುದ್ದಕ್ಕೂ ನನಗೆ ಆಕೆಯ ಮೇಲೆ ಸಿಟ್ಟಿತ್ತು.

ತಮಗೆ ಬೇಕಾದ ದಾರಿಯನ್ನು ತಮಗೊಬ್ಬರಿಗೇ ಎಂದು ಕೇಳಲು ಬಾರದ ಇಂಥವರಿಂದ ಸ್ವತಃ ಅವರಿಗೂ ಸುಖವಿಲ್ಲ, ಒಡಹುಟ್ಟಿದವರಿಗಂತೂ ಇಲ್ಲವೇ ಇಲ್ಲ. ಆದರೂ ಹಳೆಯ ಊರಿನ ಯಾವುದಾದರೊಂದು ಸಂದಿಯನ್ನು ಯಾರ ಅಪ್ಪಣೆಯೂ ಇಲ್ಲದೆ ದಾಟುವಾಗಲೆಲ್ಲ, ಎಂದೋ ಯಾರೋ ಹೀಗೆಯೇ ಕೀಲಿಕೈ ಬೇಡವೆಂದು ನಡೆದು ದಣಿದದ್ದರಿಂದಲೇ ಇದು ನನಗೆ ಉಳಿದಿರಬೇಕು ಎನ್ನಿಸುತ್ತದೆ.